ಗಂತುಲ್ಗಾ ತಿದ್ದಿದ ಪಾತ್ರ

ಗಂತುಲ್ಗಾ ನಾಯಿಗೂ ‘ರೀ’ ಹಚ್ಚಿ ಮಾತನಾಡುತ್ತಿದ್ದ. ಬೈಲಹೊಂಗಲದ ಪೇಟೆಯಲ್ಲಿ ಮಹಾಂತೇಶನ ಅರಿವೆ ಅಂಗಡಿಯ ಜಗಲಿಯ ಮೇಲೆ ಅವನು ಸ್ವೆಟರು ಹರವಿಕೊಂಡು ಕೂತರೆ, ಒಂದು ಕಂದು ನಾಯಿ ಬಂದು ಆ ರಾಶಿಯ ಮೇಲೆ ಮಲಗಲು ನೋಡುತ್ತಿತ್ತು. “ಏಳ್ರಿ, ಅದು ಗಿರಾಕಿ ಜಾಗಾ ಐತಿ. ಬಿಸಲಾಗ ಹೋಗಿ ಮಕ್ಕೋರಿ,” ಎನ್ನುತ್ತಿದ್ದ. ಅವನು ಕನ್ನಡ ಕಲಿತದ್ದೇ ಪೇಟೆಯಲ್ಲಿ. ನಾಯಿಗೆ ರೀ ಅನ್ನಬಾರದು ಎಂದು ನಾನು ತಿದ್ದಲು ಹೋದೆ. “ಹಂಗಾದ್ರ ಯಾರಿಗೆ ಅನಬೇಕು, ಯಾರಿಗೆ ಅನಬಾರದು ಅಂತ ಒಂದು ಪಟ್ಟಿ ಕೊಡ್ರಿ. ಅದರಾಗ ನೀವು ಎಲ್ಲಿದ್ದೀರಿ ನೋಡ್ತೇನಿ,” ಎಂದ.

ಅವನು ಮಂಗೋಲಿಯಾದವನು. ಹದಿನಾರನೆಯ ವಯಸ್ಸಿಗೆ ಓದಲೆಂದು ಮುಂಡಗೋಡದ ಬೌದ್ಧ ಮಠಕ್ಕೆ ಬಂದು, ಏಳೆಂಟು ವರ್ಷ ಕಂಠಪಾಠ ಮಾಡಿ, ಇದು ತನ್ನಿಂದಾಗದು ಎಂದು ಕಾವಿ ಮಡಚಿಟ್ಟು ಹೊರಬಿದ್ದಿದ್ದ. ಅಲ್ಲಿಯ ಟಿಬೆಟಿ ಹೆಂಗಸು ಪೇಮಾಬಾಯಿ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಸ್ವೆಟರ್ ಮಾರಲು ಬರುತ್ತಿದ್ದಳು. ಬೈಲಹೊಂಗಲ, ರಾಮದುರ್ಗ, ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡದ ಕೆಳಗಿನ ಉಗರಗೋಳ. ಅವಳ ಜೊತೆ ಇವನೂ ಬರತೊಡಗಿದ. ಊರು ಪೇಮಾಬಾಯಿಯನ್ನು ಪ್ರೇಮಾಬಾಯಿ ಮಾಡಿತು, ಗಂತುಲ್ಗಾನನ್ನು ಗಂಟಲಪ್ಪ ಮಾಡಿತು. “ನನ್ನ ಹೆಸರಂದ್ರ ಉಕ್ಕಿನ ಒಲಿಗುಂಡು ಅಂತ ಅರ್ಥ ರೀ,” ಎಂದು ಅವನು ಎರಡು ವರ್ಷ ಹೇಳಿ ನೋಡಿದ. ಆಮೇಲೆ ಬಿಟ್ಟ.

ವ್ಯಾಪಾರಕ್ಕೆ ಅವನ ನಾಲಿಗೆ ಒಳ್ಳೆಯದಿರಲಿಲ್ಲ. ಸಂಗೊಳ್ಳಿಯಿಂದ ಬಂದ ದಪ್ಪ ಗೌಡರೊಬ್ಬರು ಅಡ್ಡಗೆರೆಯ ಸ್ವೆಟರು ಹಾಕಿಕೊಂಡು ಹೆಂಗ ಕಾಣ್ತೈತಿ ಎಂದು ಕೇಳಿದರೆ, “ಹಗ್ಗಾ ಸುತ್ತಿದ ಗುಡಾಣ ಕಂಡಂಗ ಕಾಣ್ತೈತ್ರಿ. ಬಿಚ್ಚರಿ,” ಎಂದ. ಗೌಡರು ಸಿಟ್ಟಾಗಲಿಲ್ಲ; ಎರಡು ಸಾದಾ ಸ್ವೆಟರು ಕೊಂಡರು. ಮಹಾಂತೇಶ ಜಗಲಿಯ ಮಾಲೀಕನಾದ್ದರಿಂದ ಅವನನ್ನು ಕೆಣಕುವ ಹಕ್ಕೂ ಬಾಡಿಗೆಯಲ್ಲೇ ಸೇರಿದೆ ಎಂದುಕೊಂಡಿದ್ದ. “ಕುದರಿ ಹತ್ತಿ ಬಂದು ಊರು ಸುಡಾವ್ರು ನಿಮ್ಮವ್ರೇ ಅಲ್ಲೇನೋ?” ಎಂದು ಒಮ್ಮೆ ಗಿರಾಕಿಗಳ ಮುಂದೆ ಕೇಳಿದ. “ಹೌದ್ರಿ. ನಾ ಮಾತ್ರ ಬಸ್ಸಿಗೆ ಬಂದೇನಿ. ಹುಬ್ಬಳ್ಳಿಯಿಂದ ನಿಂತ ಬಂದೇನಿ, ಸೀಟ್ ಸಿಗಲಿಲ್ಲ,” ಎಂದ ಗಂತುಲ್ಗಾ. ಎಲ್ಲರೂ ನಕ್ಕರು. ಮಹಾಂತೇಶ ನಗಲಿಲ್ಲ.

ಆ ಅರಿವೆ ಅಂಗಡಿಯ ಪಕ್ಕದಲ್ಲೇ ನನ್ನ ಕಂಪ್ಯೂಟರ್ ಸೆಂಟರ್ ಇತ್ತು. ಟೈಪಿಂಗ್ ಕಲಿಸುತ್ತಿದ್ದೆ, ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಿದ್ದೆ, ಉಳಿದ ಹೊತ್ತು ಸಾಹಿತಿಯಾಗಿದ್ದೆ. ವಾರಪತ್ರಿಕೆಯೊಂದರಲ್ಲಿ ನನ್ನ ಎರಡು ಕವಿತೆ ಬಂದಿದ್ದವು, ಹೀಗಾಗಿ ಊರಿನಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಎರಡು ಸಾವಿರದ ಏಳೋ ಎಂಟೋ ಇರಬೇಕು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಣ್ಣನ ಮಗ ಶ್ರೀಶೈಲ ಒಂದು ಕೆಲಸ ತಂದ. ಅವನೂ ಗೆಳೆಯರೂ ಸೇರಿ ಕಾಲೇಜಿನ ಸ್ಪರ್ಧೆಗೆ ಕಂಪ್ಯೂಟರ್ ಆಟವೊಂದನ್ನು ಮಾಡುತ್ತಿದ್ದರು. ಗುಂಡು ಹಾರಿಸುವ ಆಟವಲ್ಲ, ಓದುವ ಆಟ. ಪರದೆಯ ಮೇಲೆ ಚಿತ್ರ, ಕೆಳಗೆ ಮಾತು. ಆಡುವವನು ಯಾವ ಉತ್ತರ ಆರಿಸುತ್ತಾನೋ ಕತೆ ಆ ಕಡೆ ತಿರುಗುತ್ತದೆ. ಹಿಮ ಬೀಳುವ ಯಾವುದೋ ದೇಶದ ಹಾಸ್ಟೆಲ್ಲೊಂದರ ಕತೆ, ಅದರಲ್ಲಿ ಮಂಗೋಲಿಯಾದ ಹುಡುಗನೊಬ್ಬ, ಗಂಡಸರನ್ನು ಪ್ರೀತಿಸುವವನು. “ಪಾತ್ರ ಮರ್ಯಾದಿಯಿಂದ ಇರಬೇಕು ಕಾಕಾ, ಚ್ಯಾಷ್ಟಿ ಆಗಬಾರದು,” ಎಂದು ಶ್ರೀಶೈಲ ಎರಡು ಸಲ ಹೇಳಿದ. ನನ್ನ ಮುಖ ನೋಡಿ ಮೂರನೆಯ ಸಲವೂ ಹೇಳಿದ.

ನಾಲ್ಕೇ ದಿನದಲ್ಲಿ ಬರೆದು ಮುಗಿಸಿದೆ. ಮಂಗೋಲಿಯಾದವನು ಪಕ್ಕದ ಜಗಲಿಯಲ್ಲೇ ಕೂತಿದ್ದರೂ ಬರೆಯುವ ಮುಂಚೆ ಕೇಳಬೇಕು ಎಂದು ಹೊಳೆಯಲಿಲ್ಲ. ಬರೆದಾದ ಮೇಲೆ ಹೊಗಳಿಕೆಗಾಗಿ ಕರೆದೆ. ಮಧ್ಯಾಹ್ನದ ಬಿಸಿಲಿಗೆ ಸ್ವೆಟರು ಯಾರೂ ಕೇಳುವುದಿಲ್ಲವಾದ್ದರಿಂದ ಅವನು ಬಂದು ಕೂತ. ಓದಿ ಹೇಳಿದೆ. ನನ್ನ ಮಂಗೋಲನಿಗೆ ಕುದುರೆ, ಗಿಡುಗ, ಅಜ್ಜನ ಖಡ್ಗ ಎಲ್ಲ ಇದ್ದವು. ಗಂಡಸರನ್ನು ಪ್ರೀತಿಸುವವನೆಂದು ಗೊತ್ತಾಗಲಿ ಎಂದು ಕಣ್ಣಿಗೆ ಕಾಡಿಗೆ, ನಡಿಗೆಗೆ ಬಳುಕು ಹಚ್ಚಿದ್ದೆ. ಹಾಸ್ಟೆಲ್ಲಿನ ಗಂಡಸರನ್ನೆಲ್ಲ ಸರದಿಯ ಮೇಲೆ ಮೋಹಿಸಿ, ಕಡೆಗೆ ನಾಯಕನಿಗಾಗಿ ಪ್ರಾಣ ಕೊಡುತ್ತಿದ್ದ.

ಗಂತುಲ್ಗಾ ನನ್ನ ಕೈಯಲ್ಲಿದ್ದ ಹಾಳೆಗಳನ್ನು ಎಣಿಸಿದ. “ಈಂವ ಉಣ್ಣೂದು ಯಾವಾಗ್ರಿ?” ಎಂದ.

“ಅಂದ್ರ?”

“ಹತ್ತು ಪುಟದಾಗ ಹನ್ನೊಂದು ಸರ್ತಿ ಕುದರಿ ಬಂತು, ಒಂದು ಸರ್ತೀನೂ ಊಟ ಬರಲಿಲ್ಲ. ಕುದರೀಗೇ ಪಾರ್ಟು ಕೊಟ್ಟಬಿಡ್ರಿ. ನಾ ಹುಟ್ಟಿದ್ದು ಪ್ಯಾಟ್ಯಾಗ, ನಾಕನೇ ಮಹಡಿ ಮ್ಯಾಲೆ. ನಮ್ಮಪ್ಪ ತಂತಿ ಹಿಡದು ಓಡೂ ಕರೆಂಟ್ ಬಸ್ಸು ರಿಪೇರಿ ಮಾಡ್ತಿದ್ದ. ಒಂದ ಸರ್ತಿ ನಮ್ಮ ಮಾಮಾ ಕುದರಿ ಹತ್ತಿಸಿದ್ದ. ಬಿದ್ದು ಕೈ ಮುರಕೊಂಡೆ.” ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: “ಮತ್ತ ಈಂವ ಯಾಕ ಸಾಯ್ತಾನ್ರಿ?”

“ಕತಿ ಹಂಗೈತಿ. ಅಂಥಾವನ ಪ್ರೀತಿಗೆ ಬ್ಯಾರೆ ಏನ್ ಕೊನಿ ಐತಿ?”

“ನಾನೂ ಅಂಥಾವನ ಅದೇನಿ ರೀ. ಸತ್ತಿಲ್ಲ. ಸ್ವೆಟರ್ ಮಾರಾಕತ್ತೇನಿ.”

ನನ್ನ ಸಾಹಿತ್ಯವೆಲ್ಲ ಆ ಕ್ಷಣ ಎಲ್ಲಿ ಹೋಯಿತೋ. ನಾನು ಮಾಡಿದ್ದು ಒಂದೇ ಕೆಲಸ: ಕುರ್ಚಿಯನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿದೆ. ಅವನು ಕುರ್ಚಿಯ ಕಾಲನ್ನೇ ನೋಡಿದ.

“ಅಂಜಬ್ಯಾಡ್ರಿ. ನೀವು ಕನ್ನಡ್ಯಾಗ ಮುಖಾ ನೋಡ್ಕೊಂಡೀರಿಲ್ಲೋ?”

ಅಂದಿನಿಂದ ಮೂರು ವಾರ, ಮಧ್ಯಾಹ್ನವಾಗುತ್ತಲೇ ಅವನು ಬಂದು ನನ್ನ ಪಾತ್ರವನ್ನು ತಿದ್ದಿದ. ಹೊರಗಿನ ಗದ್ದಲ ಬರದಿರಲೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ನಾಚಿಕೆಯಿಂದ ನಾನು ಎರಡನೆಯ ಸಲ ಬರೆದದ್ದರಲ್ಲಿ ಮಂಗೋಲ ಮಹಾತ್ಮನಾಗಿದ್ದ. ಬಡವರ ಮಕ್ಕಳನ್ನು ಓದಿಸುತ್ತಿದ್ದ, ಯಾರು ಬೈದರೂ ಕ್ಷಮಿಸುತ್ತಿದ್ದ. ಅದಕ್ಕೆ ಇನ್ನೂ ಹೆಚ್ಚು ಬೈಸಿಕೊಂಡೆ. “ಮೊದಲ ಬಹುರೂಪಿ ಮಾಡಿದ್ರಿ. ಈಗ ಸ್ವಾಮಿ ಮಾಡೀರಿ. ಮನಷ್ಯಾನ್ನ ಮಾಡಾಕ ನಿಮಗ ಬರೂದ ಇಲ್ಲೇನ್ರಿ? ಅಂವ ಸುಳ್ಳ ಹೇಳಬೇಕು. ದೋಸ್ತನ ಅಂಗಿ ಕೇಳದ ಹಾಕ್ಕೊಂಡು ಹೋಗಬೇಕು. ಪರೀಕ್ಷಾದಾಗ ಫೇಲಾಗಬೇಕು.” ನಾನಿಟ್ಟ ಉದ್ದದ ಹೆಸರನ್ನು ಹೊಡೆದುಹಾಕಿ ಬೋಲ್ಡ್ ಎಂದಿಡಿಸಿದ. ಅವರ ಓಣಿಯಲ್ಲೇ ನಾಲ್ಕು ಜನ ಬೋಲ್ಡ್ ಇದ್ದರಂತೆ. ಕ್ರಿಕೆಟ್ಟಿನದು ಅಂತ ತಿಳಿತಾರ ಎಂದೆ. “ತಿಳೀಲಿ. ಈಗ ಸಾಯೂದಿಲ್ಲಲ್ಲ, ಅಷ್ಟ ಸಾಕು,” ಎಂದ.

ಬೋಲ್ಡ್ ತನ್ನ ಪ್ರೀತಿಯನ್ನು ಹೇಳುವ ಘಟ್ಟ ಬಂತು. ನಾನು ಹುಲ್ಲುಗಾವಲು, ನಕ್ಷತ್ರ, ಗಾಳಿ ಎಲ್ಲವನ್ನೂ ತಂದಿದ್ದೆ. ಗಂತುಲ್ಗಾ ಎಲ್ಲವನ್ನೂ ಅಳಿಸಲು ಹೇಳಿದ. “ಹಿಂಗ ಬರೀರಿ: ‘ಕಾಲಚೀಲ ತೊಯ್ದಾವ, ಬಿಚ್ಚು. ಬಿಸಿನೀರಿನ ಪೈಪಿನ ಮ್ಯಾಲೆ ಒಣಾ ಹಾಕ್ತೇನಿ.’ ನಮ್ಮೂರಾಗ ಮನಿ ಬೆಚ್ಚಗಿಡೂದ ಆ ಪೈಪು. ಆ ಥಂಡ್ಯಾಗ ಇದಕ್ಕಿಂತ ದೊಡ್ಡ ಮಾತು ಇಲ್ರಿ.” ಹೇಳಿದವನು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೂತ. ಆ ಮಾತನ್ನು ಅವನಿಗೆ ಯಾರಾದರೂ ಅಂದಿದ್ದರೇ? ಕೇಳಬಹುದಾಗಿತ್ತು. ನಾನು ಟೈಪ್ ಮಾಡುತ್ತಿದ್ದೆ.

ಮುಚ್ಚಿದ ಬಾಗಿಲು ಮಹಾಂತೇಶನಿಗೆ ಕಾಣದೆ ಇರಲಿಲ್ಲ. ಒಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ಐದಾರು ಜನರೆದುರು, “ಏನಪಾ ಕವಿ, ದಿನಾ ಮಧ್ಯಾಹ್ನ ಗಂಟಲಪ್ಪನ ಜೋಡಿ ಬಾಗಲಾ ಹಾಕ್ಕೊಂಡು ಏನ್ ನಡಸಿ?” ಎಂದು ಕಣ್ಣು ಹೊಡೆದ. ಜನ ನಕ್ಕರು. ಕತೆ ಬರೆಯುತ್ತಿದ್ದೇವೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಹೆಂಡತಿ ಇದ್ದಳು, ಊರಲ್ಲಿ ಹೆಸರಿತ್ತು. “ಅಂವ ಅಂಥಾವ ಅದಾನ. ನಾ ಅಲ್ಲ. ನಾ ಬರೇ ಕೇಳಿ ಬರಕೊಳ್ಳಾಕತ್ತೇನಿ,” ಎಂದುಬಿಟ್ಟೆ.

ಇಷ್ಟೇ ನಾನು ಅಂದದ್ದು. ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗಿತ್ತು. ಮರುದಿನ ಜಗಲಿಯ ಮುಂದೆ ಹಾದುಹೋಗುವವರು ಸೀಟಿ ಹಾಕಿದರು. ಎರಡು ಸ್ವೆಟರು ಕೊಂಡಿದ್ದ ಗೌಡರು ಜಗಲಿ ತಪ್ಪಿಸಿ ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋದರು. ಮೂರನೆಯ ದಿನ ಮಹಾಂತೇಶ, “ಸಂಕ್ರಾಂತಿ ಬಂತು, ಜಗಲಿ ನನಗ ಬೇಕಾಗೇತಿ,” ಎಂದು ಪೇಮಾಬಾಯಿಗೆ ಹೇಳಿದ. ಸಂಕ್ರಾಂತಿಗೂ ಅವನ ಜಗಲಿಗೂ ಎಂದೂ ಸಂಬಂಧವಿರಲಿಲ್ಲ. ಗಂತುಲ್ಗಾ ಗಂಟು ಕಟ್ಟುವುದನ್ನು ನಾನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಲಿಲ್ಲ. ಅಂದು ಲಗ್ನಪತ್ರಿಕೆಯ ಅವಸರದ ಕೆಲಸವಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಹದಿನೈದು ದಿನ ಕಳೆದು, ಮುಗಿದ ಬರಹವನ್ನು ಅಚ್ಚು ತೆಗೆದುಕೊಂಡು ರಾಮದುರ್ಗಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ತಾಡಪತ್ರಿಯ ಕೆಳಗೆ ಅವರ ಅಂಗಡಿ ಇತ್ತು. ಗಂತುಲ್ಗಾ ಸುರೇಬಾನದಿಂದ ಬಂದ ಮುದುಕಿಯೊಬ್ಬಳಿಗೆ ಮಫ್ಲರ್ ಕಟ್ಟಿ ತೋರಿಸುತ್ತಿದ್ದ. ಅವಳು ಹೋಗುವತನಕ ನಿಂತೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಬಾಯಿಂದ ಬಂದದ್ದು, “ಬರದ ಮುಗಿಸೇನಿ. ನೋಡ್ತೀರೇನು?”

ಕನ್ನಡ ಅಕ್ಷರ ಅವನಿಗೆ ನಿಧಾನವಾಗಿ ಬರುತ್ತಿತ್ತು. ಬೆರಳಿಟ್ಟುಕೊಂಡು ಪೂರ್ತಿ ಓದಿದ. ಬೋಲ್ಡ್ ಪರೀಕ್ಷೆಯಲ್ಲಿ ಫೇಲಾದಲ್ಲಿ ಸಣ್ಣಗೆ ನಕ್ಕ. ಕಾಲಚೀಲದ ಸಾಲಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟ.

“ಚಲೋ ಬರದೀರಿ. ಈಂವಗ ಪೂರಾ ಮರ್ಯಾದಿ ಕೊಟ್ಟೀರಿ,” ಎಂದ. “ಈಂವಗ ಕೊಡೂದು ಸಸಾರ ರೀ. ಕುಂದ್ರಾಕ ಜಗಲಿ ಬೇಕಾಗಿಲ್ಲ ಈಂವಗ.”

ನಾನು ಏನೋ ಹೇಳಲು ಬಾಯಿ ತೆರೆದೆ. “ಬಸ್ಸು ಬಂತು ನೋಡ್ರಿ,” ಎಂದು ನನ್ನ ಹಿಂದೆ ಕೈ ತೋರಿಸಿದ. ನಿಜಕ್ಕೂ ಬಂದಿತ್ತು. ಹತ್ತಿದೆ.

ಬೆಳಗಾವಿಯ ಸ್ಪರ್ಧೆಯಲ್ಲಿ ಹುಡುಗರ ಆಟಕ್ಕೆ ಮೊದಲ ಬಹುಮಾನ ಬಂತು. ನೋಡಿದವರೆಲ್ಲ ಹೇಳಿದ್ದು ಬೋಲ್ಡ್‌ನ ಮಾತನ್ನೇ. ಒಬ್ಬಾಕೆ ಕಣ್ಣೊರೆಸಿಕೊಂಡಳು. ತೀರ್ಪುಗಾರರಾಗಿ ಬಂದಿದ್ದ ಪ್ರಾಧ್ಯಾಪಕರು ನನ್ನನ್ನು ವೇದಿಕೆಗೆ ಕರೆಸಿ, “ಮಂಗೋಲಿಯಾಕ್ಕ ಹೋಗಿ ಬಂದೀರೇನು? ಈ ಪಾತ್ರಾ ಹೆಂಗ ಸಾಧ್ಯ ಆತು?” ಎಂದು ಕೇಳಿದರು. ಸಭೆಯಲ್ಲಿ ಬೈಲಹೊಂಗಲದವರೂ ಇದ್ದರು.

“ಎಲ್ಲಾ ಕಲ್ಪನಾ ರೀ,” ಎಂದೆ. ಚಪ್ಪಾಳೆ ತಟ್ಟಿದರು.

ಮುಂದಿನ ದೀಪಾವಳಿಯ ನಂತರ ಪೇಮಾಬಾಯಿ ಒಬ್ಬಳೇ ಬಂದಳು. ಈ ಸಲ ಅಂಗಡಿ ಹಾಕಿದ್ದು ಹತ್ತಿ ಮಾರ್ಕೆಟ್ಟಿನ ಕಡೆ. ನಾಲ್ಕು ದಿನ ಆ ರಸ್ತೆಯಲ್ಲಿ ಓಡಾಡಿ, ಐದನೆಯ ದಿನ ಧೈರ್ಯ ಮಾಡಿ ಹೋಗಿ ನಿಂತೆ. ಗಂತುಲ್ಗಾ ಬೇಸಿಗೆಯಲ್ಲೇ ತನ್ನೂರಿಗೆ ಹೋದನೆಂದಳು. ಅಲ್ಲಿ ಅಪ್ಪನ ಹಾಗೆ ಬಸ್ಸಿನ ಡಿಪೋದಲ್ಲಿ ಕೆಲಸ ಸಿಕ್ಕಿದೆಯಂತೆ. ಇನ್ನು ಬರುವುದಿಲ್ಲ.

“ಅಂವಗ ಒಂದು ಪತ್ರಾ ಬರೀಬೇಕಾಗಿತ್ತು. ವಿಳಾಸ ಐತೇನ್ರಿ?” ಎಂದೆ.

ಪೇಮಾಬಾಯಿ ಮಡಚುತ್ತಿದ್ದ ಶಾಲನ್ನು ಮಡಚಿ ಮುಗಿಸಿ, ಗಂಟಿನ ಮೇಲಿಟ್ಟು, ಆಮೇಲೆ ನನ್ನ ಮುಖ ನೋಡಿದಳು.

“ಐತ್ರಿ. ಕೊಡಬ್ಯಾಡ ಅಂತ ಹೇಳ್ಯಾನ.”

“ಯಾರಿಗೂ ಕೊಡಬ್ಯಾಡ ಅಂದಾನೇನು?”

“ಇಲ್ರಿ,” ಎಂದಳು. “ನಿಮಗ.”