ನೀರೆಂದುಕೊಂಡ ಆಂಪ್ಯೂಲ್

ನಾನು ನಿವೃತ್ತಳಾಗುವ ಹಿಂದಿನ ವರ್ಷ ಚಿತ್ರದುರ್ಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೆ. ಹಾಸ್ಟೆಲ್ ವಾರ್ಡನ್ ಕೆಲಸವೂ ನನ್ನ ತಲೆಗೇ ಬಿದ್ದಿತ್ತು.

ಬಿ.ಪಿ. ನೋಡುವುದನ್ನು ಕಲಿಸಲು ನಮಗೆ ರೋಗಿಗಳು ಬೇಕಿಲ್ಲ. ಮಕ್ಕಳು ಒಬ್ಬರ ತೋಳಿಗೆ ಇನ್ನೊಬ್ಬರು ಪಟ್ಟಿ ಕಟ್ಟಿ ಕಲಿಯುತ್ತಾರೆ. ಒಂದು ಶನಿವಾರ ಮೊದಲ ವರ್ಷದ ಕಾವ್ಯ, ಹರಿಯಬ್ಬೆಯ ಹುಡುಗಿ, ತೋಳು ಕೊಡಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ತೊಟ್ಟಿದ್ದಳು.

"ಚಳಿ ಐತೆ ಮೇಡಂ," ಅಂದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಕುರಿ ಕಾಯೋರು ಕಂಬಳಿ ಬಿಟ್ಟಿರಲ್ಲ ಮೇಡಂ," ಎಂದು ಪಕ್ಕದವಳು ನಕ್ಕಳು.

ತರಗತಿ ಮುಗಿದ ಮೇಲೆ ಕಾವ್ಯಳನ್ನು ಉಳಿಸಿಕೊಂಡು ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ನೋಡಿದೆ. ಮೊಣಕೈ ಒಳಭಾಗವೆಲ್ಲ ನೀಲಿಗಟ್ಟಿತ್ತು, ಸೂಜಿಯ ಗುರುತಿನ ಮೇಲೆ ಗುರುತು.

"ಯಾರಮ್ಮ?"

"ಹೇಳಿದ್ರೆ ಇನ್ನೂ ಜಾಸ್ತಿ ಮಾಡ್ತಾರೆ. ಅಪ್ಪಂಗೆ ಫೋನ್ ಮಾಡ್ಬ್ಯಾಡ್ರಿ ಮೇಡಂ, ಓದು ಬಿಡಿಸ್ತಾನೆ."

ಪ್ರಾಂಶುಪಾಲರಿಗೆ ಫೋನ್ ಮಾಡಿದೆ. ಹೊಸದುರ್ಗದಲ್ಲಿದ್ದರು. "ಸಂಜೆ ಬಂದು ವಿಚಾರಿಸಾಣ," ಅಂದರು.

ಮಧ್ಯಾಹ್ನದ ಊಟಕ್ಕೆ ಕಾವ್ಯ ಬರಲಿಲ್ಲ. ಕೊನೆಯ ವರ್ಷದವರ ಮೇಜಿನಲ್ಲೂ ಒಂದು ಜಾಗ ಖಾಲಿ. ಕೈ ತೊಳೆಯದೆಯೇ ಮೆಟ್ಟಿಲು ಹತ್ತಿದೆ. ಮೇಲೆ ಕೊನೆಯ ವರ್ಷದವರ ಸಾಲಿನ ತುದಿಯ ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಮಾತು ಕೇಳಿಸಿತು.

"ಕೈ ಎಳ್ಕಬ್ಯಾಡಲೇ. ಬರೀ ನೀರು. ನಾವೂ ಹಿಂಗೇ ಕಲ್ತಿದ್ದು."

ಬಾಗಿಲು ಬಡಿದೆ. ತೆರೆಯಲು ತಡವಾಯಿತು, ಮತ್ತೆ ಬಡಿದೆ. ಒಳಗೆ ಕಾವ್ಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ತೋಳಿಗೆ ರಬ್ಬರ್ ಕೊಳವೆ ಬಿಗಿದಿತ್ತು. ಹೊಳಲ್ಕೆರೆಯ ಶಿಲ್ಪಾ, ಕೊನೆಯ ವರ್ಷದವಳು, ತುಂಬಿದ ಸಿರಿಂಜ್ ಹಿಡಿದಿದ್ದಳು.

"ಪ್ರಾಕ್ಟೀಸ್ ಮೇಡಂ. ಡಿಸ್ಟಿಲ್ಡ್ ವಾಟರ್ ಅಷ್ಟೆ."

ಕಿಟಕಿಯಲ್ಲಿದ್ದ ಒಡೆದ ಆಂಪ್ಯೂಲ್, ಔಷಧದ ಪುಟ್ಟ ಗಾಜಿನ ಸೀಸೆ, ಎತ್ತಿಕೊಂಡೆ. ಆಸ್ಪತ್ರೆ ವಾರ್ಡಿನ ಟ್ರೇಯಿಂದ ತಂದದ್ದು. ನೀರಿನ ಆಂಪ್ಯೂಲಿನದೇ ಗಾತ್ರ, ನೀರಿನಂತೆಯೇ ಬಣ್ಣವಿಲ್ಲದ ದ್ರವ. ಕನ್ನಡಕ ಹಾಕಿಕೊಂಡು ಓದಿದೆ: ಪೊಟ್ಯಾಸಿಯಂ ಕ್ಲೋರೈಡ್. ಸಲೈನ್ ಬಾಟಲಿಗೆ ಬೆರೆಸಿ ನಿಧಾನವಾಗಿ ಹನಿಸಬೇಕಾದ ಔಷಧ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ.

"ಓದು," ಎಂದು ಶಿಲ್ಪಾಳ ಕೈಗೆ ಕೊಟ್ಟೆ.

ಓದಿದಳು. ಸಿರಿಂಜ್ ಜಾರಿ ಬಿತ್ತು. ನಾನು ಕಾವ್ಯಳ ತೋಳಿನ ರಬ್ಬರ್ ಬಿಚ್ಚಿದೆ.

"ಆಯ್ತಾ ಅಕ್ಕ?" ಎಂದು ಕಾವ್ಯ ಕಣ್ಣು ತೆರೆಯದೆಯೇ ಕೇಳಿದಳು.

ವಿಚಾರಣೆ ನಡೆದು ಶಿಲ್ಪಾಳನ್ನು ಕಾಲೇಜಿನಿಂದ ಹೊರಗಿಟ್ಟರು. ಕಾವ್ಯ ಓದು ಮುಂದುವರಿಸಿದಳು. ಔಷಧ ಕೊಡುವ ಮುನ್ನ ಲೇಬಲ್ಲನ್ನು ಮೂರು ಸಲ ಓದಬೇಕು. ಶಿಲ್ಪಾ ವಾರ್ಡಿನಲ್ಲಿ ಅದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಆ ಮಂಚದ ಮೇಲೆ ರೋಗಿಯಿದ್ದಿದ್ದರೆ ಖಂಡಿತ ಓದುತ್ತಿದ್ದಳು. ಜೂನಿಯರ್‌ಗೆ ಚುಚ್ಚುವಾಗಲೂ ಓದಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.