ನಡುವೆ ಬರೀ ಹೊಲ

ಅರಕಲಗೂಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯ ಮೋಹನ್‌ಕುಮಾರ್ ಕೇಳಿದ್ದು ಒಂದೇ ಮಾತು. "ಮನೆಗೂ ಹೊಗೆಸೊಪ್ಪಿನ ಬ್ಯಾರನ್‌ಗೂ ಮಧ್ಯೆ ಏನೈತಕ್ಕ? ಗೋಡೆ, ಮರ?"

"ಏನೂ ಇಲ್ಲ ಕಣಪ್ಪ, ಬರೀ ಹೊಲ," ಎಂದಳು ಸಣ್ಣಕ್ಕ.

ಹಾಗಂದ ಮೇಲೆ ಅವನು ಹೊರಗೋಡೆಗೆ ಹಾಕುವ ವೈಫೈ ಡಬ್ಬ ಕೊಟ್ಟ. ಇನ್ನೂ ಪವರ್ ಇರುವುದನ್ನು ಕೊಡು ಎಂದ ಅವಳ ಗಂಡ ಶಾಂತರಾಜು. "ಅಣ್ಣ, ಇದೊಂದೇ ಗಟ್ಟಿಯಾಗಿ ಕೂಗಿದ್ರೆ ಆಗಲ್ಲ. ಬ್ಯಾರನ್ ಒಳಗಿನ ಶಾಖದ ಮೀಟ್ರು ದನಿ ಸಣ್ಣದು. ಅದು ಓ ಅಂದದ್ದೂ ಇದಕ್ಕೆ ಕೇಳ್ಬೇಕು," ಎಂದ ಅಂಗಡಿಯವನು.

ಮದುವೆಯಾಗಿ ಬಂದಾಗಿನಿಂದ ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ನಿನ ಬೆಂಕಿ ಕಾದವಳು ಸಣ್ಣಕ್ಕ. ಹೋದ ವರ್ಷ ಉಬ್ಬಸ ಹತ್ತಿತು. ಝಳದ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಅದಕ್ಕೇ ಈ ಏರ್ಪಾಡು: ಒಳಗಿನ ಶಾಖವನ್ನು ಜಗಲಿಯಲ್ಲೇ ಕೂತು ಫೋನಿನಲ್ಲಿ ನೋಡುವುದು. ಬೇಸಿಗೆಯಲ್ಲಿ ಹಾಕಿ ನೋಡಿದಾಗ ಚೆನ್ನಾಗಿಯೇ ಇತ್ತು.

ಮಳೆಗಾಲದ ಒಂದು ದಿನ ಶಾಂತರಾಜು ಬ್ಯಾರನ್ನಿನ ಒಲೆಗೆ ಸೌದೆ ತುಂಬಿ ಪೇಟೆಗೆ ಹೋಗಿದ್ದ. ಮಳೆ ಆಗತಾನೆ ನಿಂತಿತ್ತು. ಸಣ್ಣಕ್ಕ ಫೋನ್ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಅದೇ ಅಂಕಿ. ಬೆಂಕಿಯಿರುವ ಕಡೆ ಶಾಖ ಹೀಗೆ ಕಂಬದಂತೆ ನಿಲ್ಲುವುದುಂಟೇ?

ತಲೆಯೆತ್ತಿದಳು. ಬ್ಯಾರನ್ ಕಾಣಲಿಲ್ಲ. ಆಳೆತ್ತರದ ಮುಸುಕಿನ ಜೋಳ ನೀರು ತೊಟ್ಟಿಕ್ಕಿಸುತ್ತ ಅಡ್ಡ ನಿಂತಿತ್ತು. ಸಿಗ್ನಲ್ ಯಾವಾಗಲೋ ತಪ್ಪಿ, ಫೋನು ಹಳೆಯ ಅಂಕಿಯನ್ನೇ ಹಿಡಿದುಕೊಂಡಿತ್ತು.

ಗಂಡನಿಗೆ ಫೋನ್ ಮಾಡಿದಳು. "ಎಲ್ಲಿದ್ದೀರಾ? ಅಂಕಿ ಅಲ್ಲಾಡ್ತಿಲ್ಲ."

"ಪ್ಯಾಟೇಲವ್ನಿ. ನೀನು ಓಗ್ಬ್ಯಾಡ, ಬತ್ತೀನಿ."

"ನೀವು ಬರೋಗಂಟ ಬೆಂಕಿ ಕಾಯ್ತದಾ?"

ಸೆರಗನ್ನು ಮೂಗಿಗೆ ಕಟ್ಟಿ ಜೋಳದೊಳಗೆ ನುಗ್ಗಿದಳು. ಎಲೆಯಂಚುಗಳು ಮುಖ ಕೊಯ್ದವು. ಬ್ಯಾರನ್ನಿನ ಕಿಟಕಿಯ ಗಾಜಿಗೆ ಕಣ್ಣಿಟ್ಟಳು. ಗೋಡೆಯ ಹಳೇ ಥರ್ಮಾಮೀಟರ್ ಏರಬಾರದಷ್ಟು ಏರಿತ್ತು. ಪೋಣಿಸಿದ ದಾರದಿಂದ ಕಳಚಿದ ಒಂದು ಒಣಸೊಪ್ಪು, ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಪಕ್ಕ ಬಿದ್ದು ಕಪ್ಪಾಗುತ್ತಿತ್ತು. ಕೊಳವೆಯ ಮೇಲೇ ಬಿದ್ದಿದ್ದರೆ ವರ್ಷದ ಸೊಪ್ಪೆಲ್ಲ ಬೂದಿ.

ಒಲೆಯ ಬಾಯಿಂದ ಉರಿವ ಸೌದೆಯನ್ನು ಒಂದೊಂದೇ ಎಳೆದು ಕೆಸರಿಗೆ ಹಾಕಿದಳು. ಎದೆ ಸಿಳ್ಳೆ ಹಾಕತೊಡಗಿತು. ಮತ್ತೆ ಗಾಜಿಗೆ ಕಣ್ಣಿಟ್ಟು, ಶಾಖ ಇಳಿಯತೊಡಗಿದ ಮೇಲೆಯೇ ಕುಕ್ಕರಿಸಿದಳು.

ಸಂಜೆಗೆ ಶಾಂತರಾಜು ಮೋಹನ್‌ಕುಮಾರನನ್ನೇ ಕರೆತಂದ. ಅವನು ಜೋಳ ನೋಡಿ, "ಅಕ್ಕ, ಮಧ್ಯೆ ಏನೂ ಇಲ್ಲ ಅಂದಿದ್ರಿ," ಎಂದ.

"ಆಗ ಇರ್ಲಿಲ್ಲ ಕಣಪ್ಪ."

"ಹಸಿ ಎಲೆ ಅಂದ್ರೆ ನೀರು. ಸಿಗ್ನಲ್ ಕುಡ್ಕೊಂಡ್ಬುಡ್ತದೆ."

ಡಬ್ಬ ಜೋಳಕ್ಕಿಂತ ಎತ್ತರಕ್ಕೆ, ಮನೆಯ ನೀರಿನ ಟ್ಯಾಂಕಿನ ಮೇಲೆ ಏರಿತು, ಮೀಟರಿನ ಆಂಟೆನಾ ಬ್ಯಾರನ್ನಿನ ಸೂರಿನ ಮೇಲೆ. ಫೋನಿನಲ್ಲಿ ಅಂಕಿ ಅಲುಗಿತು.

"ಇನ್ನೂ ಪವರ್ರಿಂದು ತಗಳನಾ?" ಎಂದ ಶಾಂತರಾಜು.

ಸಣ್ಣಕ್ಕ ಉಸಿರೆಳೆದುಕೊಂಡು ಹೇಳಿದಳು: "ಬ್ಯಾಡ. ಬರೋ ವರ್ಸ ಅಲ್ಲಿ ಜೋಳದ ಬದ್ಲು ಗಿಡ್ಡ ರಾಗಿ ಹಾಕಿ."