ನಕ್ಷೆಯಲ್ಲಿ ಬಿಟ್ಟ ಜಾಗ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ, ‘ಸಾಕು ಬಿಡಪ್ಪ ನಿನ್ನ ಕಾಗಕ್ಕ ಗುಬ್ಬಕ್ಕನ ಕಥೆ’ ಎಂದು ಪುಟ ತಿರುಗಿಸುತ್ತಿದ್ದವನು ನಾನು. ದೇವರಿಗೆ ಕೈಮುಗಿಯುತ್ತೇನೆ, ಹಬ್ಬಕ್ಕೆ ಹೋಳಿಗೆ ತಿನ್ನುತ್ತೇನೆ, ಅಷ್ಟೇ. ಗಾಳಿ, ಗ್ರಹ, ಸ್ಥಳಮಹಿಮೆ ಎಲ್ಲ ಕೆಲಸವಿಲ್ಲದವರ ಮಾತು ಎಂದೇ ತಿಳಿದಿದ್ದೆ.

ಲಾಕ್‌ಡೌನ್ ಕಾಲ. ಟಾಲಾ ಎಂಬ ಐರಿಷ್ ಊರಿನ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಮೇಜೇ ನನ್ನ ಆಫೀಸು. ನಮ್ಮ ಕಂಪನಿ ನಕ್ಷೆಯ ಸಾಫ್ಟ್‌ವೇರ್ ಮಾಡುತ್ತದೆ. ಆಗ ನನ್ನ ಪಾಲಿಗೆ ಬಂದದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ಸಂಸ್ಥೆಯ ಕೆಲಸ. ತಾತ ಮುತ್ತಾತಂದಿರ ನೆಲ ತಮ್ಮದೇ ಎಂದು ಕೋರ್ಟಿನಲ್ಲಿ ಗೆದ್ದ ಜನ, ಅದನ್ನು ನೋಡಿಕೊಳ್ಳಲು ತಾವೇ ಕಟ್ಟಿಕೊಂಡ ಸಂಸ್ಥೆ ಅದು. ಕಾಡ್ಗಿಚ್ಚು ತಡೆಯಲು ಎಲ್ಲಿ ಹುಲ್ಲಿಗೆ ಹದವಾಗಿ ಬೆಂಕಿ ಇಡಬೇಕು, ಯಾವ ನೀರಿನ ಗುಂಡಿಯ ಬಳಿ ಕಳೆ ಹಬ್ಬಿದೆ, ಎಲ್ಲವೂ ನಕ್ಷೆಯಲ್ಲಿ ಬರಬೇಕಿತ್ತು. ಅವರ ಕಡೆಯಿಂದ ಮಾತಾಡುತ್ತಿದ್ದವರು ಒಬ್ಬ ಹಿರಿಯ ಹೆಂಗಸು. ಅಲ್ಲಿ ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅವರು ಕಳಿಸಿದ ನಕ್ಷೆಯ ನಡುವೆ ಅಂಗೈಯಗಲ ಜಾಗ ಖಾಲಿಯಿತ್ತು. ಖಾಲಿ ಕಂಡರೆ ತುಂಬದೆ ಬಿಡುವ ಜಾತಿಯಲ್ಲ ನಮ್ಮದು. ಡೇಟಾ ಬಿಟ್ಟುಹೋಗಿದೆ ಎಂದುಕೊಂಡು, ಉಪಗ್ರಹದ ಚಿತ್ರ ನೋಡಿ ಅಲ್ಲಿನ ಬಂಡೆ, ತೊರೆ, ಕಾಲುದಾರಿ ಎಲ್ಲ ತುಂಬಿಸಿ, ಶಹಬ್ಬಾಸ್‌ಗಿರಿಗೆ ಕಾಯುತ್ತ ಬೆಳಗಿನ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

ಆಂಟಿ ಪರದೆಗೆ ಬಗ್ಗಿ ನಾನು ತುಂಬಿಸಿದ್ದನ್ನೆಲ್ಲ ನೋಡಿದರು. ಆಮೇಲೆ, ಅದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು; ಆ ಜಾಗದ ವಿಷಯ ಹೇಳುವುದೂ ಬಿಡುವುದೂ ಆ ಜಾಗದ ಜನರಿಗೆ ಸೇರಿದ್ದು, ಅಳಿಸಿಬಿಡು ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರಲ್ಲಿ ಹೊಸ ನೆಲಕ್ಕೆ ಕಾಲಿಡುವ ಮುನ್ನ ತಾನು ಯಾರು, ಯಾರ ಮಗ, ಎಲ್ಲಿಂದ ಬಂದೆ ಎಂದು ಕೂಗಿ ಹೇಳುವುದು ಪದ್ಧತಿಯಂತೆ. ‘ನೀನಿರುವ ನೆಲಕ್ಕೆ ಹೇಳಿದ್ದೀಯಾ?’ ಎಂದು ಕೇಳಿದರು. ಎಂಟು ವರ್ಷದಿಂದ ಇದ್ದೇನೆ, ಪೇಪರ್ಸ್ ಎಲ್ಲ ಸರಿಯಿದೆ ಎಂದೆ. ಆಂಟಿ ನಕ್ಕರು. ಕಲ್ಲು ಮಣ್ಣಿಗೆಲ್ಲ ಪ್ರವರ ಒಪ್ಪಿಸುತ್ತ ಕೂತರೆ ಆದಂತೆಯೇ ಎಂದು ನಾನೂ ಒಳಗೊಳಗೇ ನಕ್ಕೆ.

ಆ ಭಾನುವಾರ ಮಧ್ಯಾಹ್ನ ಏಳು ವರ್ಷದ ಮಗಳು ಇಂಚರಾಳನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮವಿತ್ತು; ಗುಡ್ಡ ಅದರೊಳಗೇ ಬರುತ್ತಿತ್ತು. ಮೇಲೆ ಹತ್ತಿದ ಮೇಲೆ ಇದ್ದಕ್ಕಿದ್ದಂತೆ ಮಂಜು ಕವಿಯಿತು. ದಾರಿ ನೋಡಲೆಂದು ಅವಳ ಕೈಬಿಟ್ಟು ಫೋನ್ ತೆಗೆದೆ. ತಲೆ ಎತ್ತಿದಾಗ ಮಗಳಿಲ್ಲ.

ಆ ಗುಡ್ಡದ ಮೇಲೆ, ಕಾಲಿಟ್ಟರೆ ಸೊಂಟದವರೆಗೆ ಹೂಳುವ ಜವುಗು ಹೊಂಡಗಳಿವೆ. ‘ಇಂಚರಾ, ಇಂಚರಾ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಓಡಿದೆ, ಎಡವಿದೆ, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದೆ. ಫೋನಿನ ನಕ್ಷೆಯಲ್ಲಿ ನಾನಿದ್ದ ಜಾಗ ಬರೀ ಹಸಿರು ಬಣ್ಣ, ಒಂದು ಗೆರೆಯೂ ಇಲ್ಲ. ಆಗ ನಾಚಿಕೆ ಬಿಟ್ಟು, ಮಂಜಿನ ಕಡೆ ಮುಖ ಮಾಡಿ ಕನ್ನಡದಲ್ಲೇ ಕೂಗಿದೆ: ನಾನು ಮೈಸೂರಿನವನು, ಸ್ಕೂಲ್ ಮೇಷ್ಟರ ಮಗ, ಹೊಟ್ಟೆಪಾಡಿಗೆ ಇಲ್ಲಿಗೆ ಬಂದಿದ್ದೇನೆ, ಇಷ್ಟು ದಿನ ಹೇಳದೆ ಇದ್ದದ್ದು ತಪ್ಪಾಯಿತು, ಮಗು ಹುಟ್ಟಿದ್ದು ಇಲ್ಲೇ, ನಿಮ್ಮದೇ ಅಂದುಕೊಂಡು ಕಾಪಾಡಿ. ಕೂಗಿದ್ದು ಒಂದೇ ಸಲ. ಆಮೇಲೆ ದನಿಯೇ ಹೊರಡಲಿಲ್ಲ.

ಐದು ನಿಮಿಷವೋ ಹತ್ತು ನಿಮಿಷವೋ ಕಳೆದಿರಬೇಕು. ಇಂಚರಾ ನನ್ನ ಬೆನ್ನ ಹಿಂದಿನಿಂದ ನಿಧಾನವಾಗಿ ನಡೆದು ಬಂದಳು. ತಬ್ಬಿಕೊಂಡು ಅತ್ತೆ. ‘ಐ ಆಮ್ ಗ್ರ್ಯಾಂಡ್, ಅಪ್ಪಾ,’ ಎಂದಳು, ಅಂದರೆ ಇಲ್ಲಿನ ಮಾತಿನಲ್ಲಿ ನನಗೇನೂ ಆಗಿಲ್ಲ ಎಂದು, ತಪ್ಪಿಸಿಕೊಂಡಿದ್ದವನು ನಾನೇ ಎಂಬಂತೆ. ಎಲ್ಲಿದ್ದೆ ಎಂದರೆ, ನಿನ್ನ ಜೊತೆಗೇ ಇದ್ದೆನಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅವಳ ಪಕ್ಕದಲ್ಲೇ ಮೈಸೂರು, ಮೇಷ್ಟರು ಎಂದು ಮೆಲ್ಲಗೆ ಹೇಳುತ್ತಲೇ ಇದ್ದೆನಂತೆ. ಆ ದನಿಯ ಜೊತೆಗೇ ನಡೆದಳಂತೆ. ಒಂದು ಕಡೆ ಮಾತ್ರ ಗಟ್ಟಿಯಾಗಿ ‘ನಿಲ್ಲು’ ಅಂದೆನಂತೆ. ಅವಳು ನೋಡಿದರೆ ಪಾದದ ಮುಂದೆಯೇ ಕಪ್ಪು ನೀರಂತೆ.

ನಾನು ‘ನಿಲ್ಲು’ ಎಂದಿರಲಿಲ್ಲ.

ಮರುದಿನದ ಕಾಲ್‌ನಲ್ಲಿ ಆಂಟಿಗೆ ಎಲ್ಲವನ್ನೂ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆಯಾ ಎಂದಷ್ಟೇ ಕೇಳಿದರು. ಹೇಳಿರಲಿಲ್ಲ. ಮುಂದಿನ ಭಾನುವಾರ ಅಪ್ಪ ಮಗಳು ಮತ್ತೆ ಹೋದೆವು. ನಾನು ಸುಮ್ಮನೆ ಕೈಮುಗಿದು ನಿಂತೆ. ಹೊರಡುವಾಗ, ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಗುಡ್ಡದ ಕಡೆ ಕೈಬೀಸಿ, ‘ಹೋಗಿ ಬರ್ತೀವಿ’ ಎಂದಳು. ನನಗೆ ಕಣ್ಣು ತುಂಬಿ ಬಂತು.

ಇದೇ ದೇಶದ ಕಾರ್ಕ್ ಊರಿನಲ್ಲಿರುವ ಗೆಳೆಯನೊಬ್ಬ ಇದನ್ನು ಪ್ರತಿಧ್ವನಿ ಎನ್ನುತ್ತಾನೆ. ‘ಮಂಜಲ್ಲಿ ಸೌಂಡ್ ಹಂಗೇ ಕಣೋ, ಎಲ್ಲೆಲ್ಲಿಂದಾನೋ ಬಂದಂಗಿರುತ್ತೆ.’ ಇರಬಹುದು. ಆಡದ ಮಾತು ಹೇಗಪ್ಪಾ ಪ್ರತಿಧ್ವನಿಸಿತು ಎಂದರೆ ಮಾತು ಬದಲಿಸುತ್ತಾನೆ. ನನಗೂ ಗೊತ್ತಿಲ್ಲ. ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಇಂಚರಾ ಏನೋ ಗುನುಗುತ್ತಿದ್ದಾಳೆ. ಆ ದನಿ ಕೇಳುವ ಭಾಗ್ಯ ಉಳಿಸಿಕೊಟ್ಟವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ. ಆ ಹತ್ತು ನಿಮಿಷದೊಳಗೆ ನಡೆದದ್ದೇನು ಎಂದು ಆಗಾಗ ಏನೇನೋ ತುಂಬಿಸಿ ನೋಡುತ್ತೇನೆ, ಹಳೇ ಚಾಳಿ. ಆಂಟಿಯ ಮಾತು ನೆನಪಾಗುತ್ತದೆ. ಅಳಿಸಿಬಿಡುತ್ತೇನೆ.